ವ್ಯಂಗ್ಯಚಿತ್ರಕ್ಕೆ ಪಾರಿವಾಳವಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಸೌಹಾರ್ದದ ಮಾತು ಬಂದೊಡನೆ ಗುಡಿ, ಮಸೀದಿ, ಚರ್ಚು, ಮೇಲೊಂದು ಬಿಳಿ ಪಾರಿವಾಳ ಬರೆದು ಕೈತೊಳೆದುಕೊಳ್ಳುವುದು ರೂಢಿಯಾಗಿದೆ. ಅದು ಗೋಡೆಗೆ ಅಂಟಿಸುವ ಪೋಸ್ಟರ್. ವ್ಯಂಗ್ಯಚಿತ್ರ ಯಾರನ್ನಾದರೂ ಚುಚ್ಚಲೇಬೇಕು. ಯಾರನ್ನು ಎಂಬುದಷ್ಟೇ ಪ್ರಶ್ನೆ.

ತುಂಗಭದ್ರಾ ಎಡದಂಡೆ ಕಾಲುವೆಯನ್ನೇ ನೋಡಿ. ಮಾನ್ವಿ, ಸಿರವಾರದ ಕೊನೆಭಾಗಕ್ಕೆ ನೀರು ಬಾರದಿದ್ದಾಗ ಕಾಲುವೆಯ ಮೇಲ್ಭಾಗದ ಗಂಗಾವತಿ ಕಡೆಯ ರೈತನನ್ನು ಪಂಪ್‌ಸೆಟ್ ಹೊತ್ತ ಕಳ್ಳನಂತೆ ಬರೆಯುವುದು ಸುಲಭ. ಕೆಳಗಿನವರು ನಗುತ್ತಾರೆ, ಮೇಲಿನವರು ಕೆರಳುತ್ತಾರೆ. ಅದರ ಬದಲು ಕಾಲುವೆಯ ನೀರಿನ ಮಟ್ಟ ತೋರಿಸುವ ಗೇಜ್ ಒಣಗಿ ನಿಂತಿರುವುದು, ಪಕ್ಕದಲ್ಲೊಂದು ಖಾಲಿ ಸರಕಾರಿ ಕುರ್ಚಿ ಬರೆದರೆ ಚುಚ್ಚುವುದು ನೀರು ಹಂಚಬೇಕಾದವರನ್ನು.

ಗುಂಪಿನಲ್ಲಿ ಕಲ್ಲು ಹಿಡಿದವನಿಗೆ ಟೋಪಿಯನ್ನೋ ನಾಮವನ್ನೋ ಹಾಕಿದರೆ ಕಾಣುವುದು ಒಬ್ಬ ಪುಂಡನಲ್ಲ, ಇಡೀ ಸಮುದಾಯ. ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನಿಗೆ ಚೌಕಳಿ ಕೋಟು, ಧೋತರ ಉಂಟು. ಹಣೆಯ ಮೇಲೆ ಒಂದು ಗುರುತೂ ಇಲ್ಲ. ಹಾಗಂತ ಗುರುತೇ ಬೇಡವೆಂದಲ್ಲ. ಮುದಗಲ್ಲಿನ ಮೊಹರಂ ಬರೆಯುವಾಗ ಟೋಪಿ, ರುಮಾಲು ಎರಡೂ ಬೇಕು, ಅಲ್ಲಿ ಹಿಂದೂ-ಮುಸ್ಲಿಮರು ಕೂಡಿ ಕುಣಿಯುವುದೇ ವಿಷಯ.

ಇನ್ನು ಅಚ್ಚಿನ ತೊಂದರೆ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 21 ಸೆಂ.ಮೀ. ಅಗಲದ ಎ4 ಹಾಳೆಯ ಚಿತ್ರವನ್ನು ಸುಮಾರು 4 ಸೆಂ.ಮೀ. ಕಾಲಂಗೆ ಇಳಿಸಿದರೆ ಎಲ್ಲವೂ ಐದನೇ ಒಂದು ಭಾಗವಾಗುತ್ತದೆ. ಅರ್ಧ ಮಿ.ಮೀ. ಗೆರೆ 0.1ಕ್ಕೆ ಇಳಿದು ತುಂಡಾಗುತ್ತದೆ. ಮೂಲದಲ್ಲಿ ಕನಿಷ್ಠ 1 ಮಿ.ಮೀ. ಇರಲಿ. ಅಕ್ಷರ 13 ಮಿ.ಮೀ. ಎತ್ತರವಿದ್ದರೆ ಅಚ್ಚಿನಲ್ಲಿ ಸುಮಾರು ಎರಡೂವರೆ ಉಳಿಯುತ್ತದೆ. ಒತ್ತಕ್ಷರಗಳು ಮೊದಲು ಕಲೆಸಿಹೋಗುತ್ತವೆ, ಆದ್ದರಿಂದ ‘ವ್ಯವಸ್ಥೆ’ಗಿಂತ ‘ಸರಕಾರ’ ಒಳ್ಳೆಯದು (ಅರ್ಥದಲ್ಲೂ!). ಮುಖದ ಮೇಲೆ ಒತ್ತೊತ್ತಾಗಿ ಅಡ್ಡಗೆರೆ ಎಳೆಯಬಾರದು. ನ್ಯೂಸ್‌ಪ್ರಿಂಟ್ ಶಾಯಿ ಹೀರಿ ಗೆರೆಗಳು ಕೂಡಿಕೊಂಡು, ಸಾಧಾರಣ ನೆರಳಿನ ಮುಖ ಕಪ್ಪಗೆ, ಕ್ರೂರವಾಗಿ ಕಾಣುತ್ತದೆ. ಬರೆದವರ ಮನಸ್ಸಿನಲ್ಲಿ ಇಲ್ಲದ ದ್ವೇಷ ಅಚ್ಚಿನಲ್ಲಿ ಹುಟ್ಟುವುದು ಹೀಗೆ.

2005ರ ಸೆಪ್ಟೆಂಬರ್‌ನಲ್ಲಿ ಡೆನ್ಮಾರ್ಕಿನ ಪತ್ರಿಕೆಯೊಂದು ಪ್ರವಾದಿ ಮುಹಮ್ಮದರ ಕುರಿತು ಪ್ರಕಟಿಸಿದ 12 ವ್ಯಂಗ್ಯಚಿತ್ರಗಳು ಮರುವರ್ಷ ದೇಶದೇಶಗಳಲ್ಲಿ ಪ್ರಾಣ ತೆಗೆದವು. 2006ರ ಅಕ್ಟೋಬರ್ 16ರಂದು ವಿಶ್ವಸಂಸ್ಥೆಯ ಕಚೇರಿಯಲ್ಲಿ ಅದರ ಅಂದಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಮತ್ತು ಫ್ರಾನ್ಸಿನ ವ್ಯಂಗ್ಯಚಿತ್ರಕಾರ ಪ್ಲಾಂಟು ಸೇರಿಸಿದ ಸಭೆಯಿಂದ ‘ಕಾರ್ಟೂನಿಂಗ್ ಫಾರ್ ಪೀಸ್’ ಎಂಬ ವ್ಯಂಗ್ಯಚಿತ್ರಕಾರರ ಕೂಟ ಮೂಡಿತು. ಒಂದೂರಿನ ಓದುಗರಿಗೆಂದು ಬರೆದದ್ದನ್ನು ಲೋಕವೆಲ್ಲ ನೋಡುವ ಕಾಲ ಆಗಲೇ ಬಂದಿತ್ತು. ಈಗಂತೂ ವಾಟ್ಸ್‌ಆ್ಯಪ್‌ನಲ್ಲಿ ಮೊದಲು ಕತ್ತರಿ ಬೀಳುವುದು ಕೆಳಗಿನ ಅಡಿಬರಹಕ್ಕೆ, ಸಹಿಗೆ. ಹಳೆಯ ಚಿತ್ರ ಹೊಸ ಗಲಾಟೆಗೆ ಅಂಟಿಕೊಳ್ಳುತ್ತದೆ. ತಾರೀಖು, ಸಹಿ, ಮಾತು ಮೂರನ್ನೂ ಚೌಕಟ್ಟಿನೊಳಗೆ, ಚಿತ್ರದ ಗೆರೆಗಳಿಗೆ ತಾಗಿಸಿ ಹಾಕಿದರೆ ಕತ್ತರಿಸುವುದು ಕಷ್ಟ.

ತಮ್ಮಲ್ಲಿ ಕೋರಿಕೆ ಇಷ್ಟು: ಹಬ್ಬದ ದಿನಗಳಲ್ಲಾದರೂ ಚಿತ್ರಕ್ಕೆ ಎರಡು ಕಾಲಂ ಜಾಗ ಕೊಡಿ. ಆಕ್ಷೇಪ ಬಂದರೆ ಚಿತ್ರವನ್ನು ಸದ್ದಿಲ್ಲದೆ ತೆಗೆದುಹಾಕುವ ಬದಲು, ಮರುದಿನ ಅದೇ ಜಾಗದಲ್ಲಿ ಆಕ್ಷೇಪವನ್ನೂ ಚಿತ್ರಕಾರರ ಉತ್ತರವನ್ನೂ ಅಚ್ಚು ಹಾಕಿ.

– ಕೆಲವು ಚಿತ್ರಕಲಾ ಶಿಕ್ಷಕರು, ರಾಯಚೂರು