ಟಿಕೆಟ್ ತೆಗೆಯುವ ಮುನ್ನ ವಾರ ನೋಡಬೇಕು

ಮಾನ್ಯ ಸಂಪಾದಕರೆ,

ಪತ್ರಿಕೆಯ ಪ್ರವಾಸ ಪುಟದಲ್ಲಿ ವಿದೇಶಿ ನಗರಗಳ ಕುರಿತ ಲೇಖನಗಳು ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಅವುಗಳಲ್ಲಿ ನೋಡಬೇಕಾದ ಸ್ಥಳಗಳ ವಿವರವೂ ಅಗ್ಗದ ಟಿಕೆಟ್ ಹುಡುಕುವ ಉಪಾಯಗಳೂ ಇರುತ್ತವೆಯೇ ಹೊರತು, ಹತ್ತಾರು ತಾಸು ಹಾರಿ ಹೋಗುವವರು ವಾರದ ಯಾವ ದಿನ ಆ ಊರಿಗೆ ಕಾಲಿಡಬೇಕು, ಕಾಲಿಟ್ಟ ದಿನ ಅವರ ದೇಹ ಯಾವ ಸ್ಥಿತಿಯಲ್ಲಿರುತ್ತದೆ ಎಂಬ ವಿಚಾರ ಬರುವುದಿಲ್ಲ. ನಮ್ಮ ಪ್ರವಾಸ ಕೆಟ್ಟದ್ದು ಅಲ್ಲಿಯೇ ಆದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಚಿತ್ರಕಲಾ ಶಿಕ್ಷಕಿಯಾಗಿ ನಿವೃತ್ತರಾದ ನನ್ನ ಅಕ್ಕನಿಗೆ ಇಟಲಿಯ ಫ್ಲಾರೆನ್ಸ್ ನೋಡಬೇಕೆಂಬುದು ಬಹುಕಾಲದ ಆಸೆಯಾಗಿತ್ತು. ಆ ಊರನ್ನು ಆಳಿದ ಮೆದಿಚಿ ಮನೆತನದ ಕೊನೆಯ ಕುಡಿ ಅನ್ನಾ ಮರಿಯಾ ಲೂಯಿಸಾ ತಮ್ಮ ವಂಶದ ಕಲಾಸಂಗ್ರಹ ಎಂದಿಗೂ ಊರು ಬಿಟ್ಟು ಹೋಗಬಾರದೆಂದು 1737ರಲ್ಲಿ ಒಪ್ಪಂದ ಮಾಡಿಟ್ಟರು. ಹಾಗಾಗಿ ಅದನ್ನು ನೋಡಲು ಅಲ್ಲಿಗೇ ಹೋಗಬೇಕು. ನಾವು ದರ ಕಡಿಮೆಯಿದ್ದ ದಿನವನ್ನಷ್ಟೇ ನೋಡಿ ಟಿಕೆಟ್ ಕಾಯ್ದಿರಿಸಿದೆವು. ಫ್ಲಾರೆನ್ಸ್ ವಿಮಾನ ನಿಲ್ದಾಣದ ರನ್‌ವೇ ಚಿಕ್ಕದಾದ್ದರಿಂದ ದೂರಪ್ರಯಾಣದ ದೊಡ್ಡ ವಿಮಾನಗಳು ಅಲ್ಲಿ ಇಳಿಯುವುದಿಲ್ಲ. ರೋಮ್‌ನಲ್ಲಿ ಇಳಿದು, ಸುಮಾರು ಒಂದೂವರೆ ತಾಸು ರೈಲಿನಲ್ಲಿ ಪ್ರಯಾಣಿಸಿ, ಭಾನುವಾರ ರಾತ್ರಿ ಊರು ಸೇರಿದೆವು. ಬೊಟಿಚೆಲ್ಲಿಯ ‘ವೀನಸ್ ಜನನ’ ಚಿತ್ರ ಇರುವ ಉಫೀಜಿ ಚಿತ್ರಶಾಲೆಗೂ ಸೋಮವಾರ ರಜೆ, ಮೈಕೆಲೆಂಜೆಲೊ 1501ರಿಂದ 1504ರ ನಡುವೆ ಕಡೆದ ‘ಡೇವಿಡ್’ ಶಿಲ್ಪ ಇರುವ ಅಕಾಡೆಮಿಯಾ ಸಂಗ್ರಹಾಲಯಕ್ಕೂ ಸೋಮವಾರ ರಜೆ. ಮಂಗಳವಾರ ಬೆಳಿಗ್ಗೆಯೇ ನಾವು ಮುಂದಿನ ಊರಿಗೆ ಹೊರಡಬೇಕಿತ್ತು. ಮೂಲ ಶಿಲ್ಪ 1873ರವರೆಗೆ ನಿಂತಿದ್ದ ಸಿನ್ಯೋರಿಯಾ ಚೌಕದಲ್ಲಿ ಈಗ ಅದರ ಪ್ರತಿಕೃತಿ ಇದೆ. ಅಕ್ಕ ಅದರ ಮುಂದೆ ಬಹಳ ಹೊತ್ತು ನಿಂತಿದ್ದರು, ಏನೂ ಮಾತಾಡಲಿಲ್ಲ. ಆ ನೋಟ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ದಿನ ಸರಿಹೊಂದಿದ್ದರೂ ಇಳಿದ ಮರುಬೆಳಿಗ್ಗೆಯೇ ಚಿತ್ರಶಾಲೆಗೆ ಓಡುವುದು ಸರಿಯಲ್ಲವೆಂದು ನನಗೆ ಆಮೇಲೆ ತಿಳಿಯಿತು. ಹಾರುತ್ತಿರುವ ವಿಮಾನದ ಒಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟೇ. ತೇವಾಂಶವಂತೂ ಸಾಮಾನ್ಯವಾಗಿ ಶೇ 20ನ್ನೂ ಮುಟ್ಟುವುದಿಲ್ಲ. ನಾಲ್ಕು ತಾಸು ಮೀರಿ ಕದಲದೆ ಕುಳಿತು ಪ್ರಯಾಣಿಸಿದರೆ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸರಿಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿಯೇ ತಿಳಿಸಿದೆ. ಅದರ ಮೇಲೆ, ನಮ್ಮ ದೇಹದ ಗಡಿಯಾರ ಹೊಸ ಊರಿನ ಹೊತ್ತಿಗೆ ಹೊಂದಿಕೊಳ್ಳುವುದು ದಿನಕ್ಕೆ ಹೆಚ್ಚುಕಡಿಮೆ ಒಂದು ತಾಸಿನಷ್ಟು ಮಾತ್ರ. ಆ ಗಡಿಯಾರದ ಸಹಜ ಸುತ್ತು 24 ತಾಸಿಗಿಂತ ತುಸು ದೀರ್ಘವಾಗಿರುವುದರಿಂದ, ಪಶ್ಚಿಮಕ್ಕೆ ಹೋದವರಿಗಿಂತ ಪೂರ್ವಕ್ಕೆ ಹೋದವರಿಗೆ ತೊಂದರೆ ಹೆಚ್ಚು. ಇಂಥ ದೇಹ ಹೊತ್ತುಕೊಂಡು ಫ್ಲಾರೆನ್ಸಿನ ಪ್ರಧಾನ ಚರ್ಚಿನ ಗುಮ್ಮಟಕ್ಕೆ, ಲಿಫ್ಟ್ ಇಲ್ಲದ 463 ಮೆಟ್ಟಿಲು, ಮುಂಗಡ ಗೊತ್ತುಮಾಡಿದ ಸಮಯಕ್ಕೆ ಸರಿಯಾಗಿ ಹತ್ತಲು ಹೊರಡುವುದು ಬೇಡ. ಮೊದಲ ದಿನ ಆರ್ನೊ ನದಿಯ ದಂಡೆಯಲ್ಲಿ ಬಿಸಿಲಿಗೆ ಮೈಯೊಡ್ಡಿ ನಡೆದಾಡಿ, ಕತ್ತಲಾಗುವವರೆಗೆ ಮಲಗದೆ ಇರುವುದೇ ಮೇಲು.

ನಡುವೆ ವಿಮಾನ ಬದಲಿಸುವವರು ಎರಡು ಬೇರೆ ಬೇರೆ ಟಿಕೆಟ್ ಕೊಳ್ಳದೆ ಒಂದೇ ಟಿಕೆಟಿನಲ್ಲಿ ಪ್ರಯಾಣಿಸಬೇಕು. ಬೇರೆ ಬೇರೆ ಟಿಕೆಟ್ ಇದ್ದಾಗ ಮೊದಲ ವಿಮಾನ ತಡವಾದರೆ ಎರಡನೆಯದರ ಹೊಣೆ ಯಾರೂ ಹೊರುವುದಿಲ್ಲ. ಇಟಲಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಬೇಕಾದವರು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದಾದ್ದರಿಂದ ಕೊನೆಯ ವಾರಗಳವರೆಗೆ ಕಾಯಬೇಕಾಗಿಲ್ಲ.

ಈಗ ಅಕ್ಕನಿಗಾಗಿ ಮತ್ತೊಮ್ಮೆ ಸಿದ್ಧತೆ ನಡೆಸಿದ್ದೇವೆ. ಈ ಬಾರಿ ಅಕಾಡೆಮಿಯಾದ ಪ್ರವೇಶವನ್ನು ಗುರುವಾರಕ್ಕೆ ಗೊತ್ತುಮಾಡಿಕೊಂಡು, ಮಂಗಳವಾರ ಊರು ಸೇರುವಂತೆ ವಿಮಾನ ಹುಡುಕುತ್ತಿದ್ದೇವೆ; ಬುಧವಾರ ಪೂರ್ತಿ ಬಿಡುವು. ದರ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ.

ಮುಂದಿನ ಲೇಖನಗಳಲ್ಲಿ ಪ್ರತಿ ನಗರದ ಮುಖ್ಯ ಸಂಗ್ರಹಾಲಯಗಳ ವಾರದ ರಜೆಯನ್ನೂ, ಪ್ರವೇಶವನ್ನು ಎಷ್ಟು ದಿನ ಮುಂಚೆ ಕಾಯ್ದಿರಿಸಬೇಕೆಂಬುದನ್ನೂ ಒಂದು ಚಿಕ್ಕ ಚೌಕಟ್ಟಿನಲ್ಲಿ ಪ್ರಕಟಿಸಬೇಕೆಂದು ಕಳಕಳಿಯಿಂದ ಕೋರುತ್ತೇನೆ. ಲೂವ್ರ್‌ಗೆ ಮಂಗಳವಾರ, ಅದೇ ಪ್ಯಾರಿಸ್ಸಿನ ಒರ್ಸೇ ಸಂಗ್ರಹಾಲಯಕ್ಕೆ ಸೋಮವಾರ ರಜೆ ಎಂಬಷ್ಟು ಮಾಹಿತಿಗೆ ಒಂದು ಸಾಲು ಸಾಕು.

ಇತಿ,
ತಮ್ಮ ಓದುಗ