ಪಂಪಣ್ಣನಿಗೆ ಆಗ ಹನ್ನೊಂದು

ತಿಪಟೂರು
ಗುರುವಾರ ರಾತ್ರಿ

ಪುಟ್ಟೀ,

ನಿನ್ನ ಸೈಕಲ್ಲು ನಾಳೆ ಬೆಳಿಗ್ಗೆ ಲಾರಿ ಆಫೀಸಿಗೆ ಹೋಗುತ್ತೆ. ಪಂಪಣ್ಣ ಎರಡು ದಿನ ಕೂತು ಪೂರ್ತಿ ಬಿಚ್ಚಿ ಜೋಡಿಸಿದ್ದಾನೆ. ಹ್ಯಾಂಡಲ್ ತಿರುಗಿಸಿ ಕಟ್ಟಿ, ಪೆಡಲ್ ಎರಡೂ ಬಿಚ್ಚಿ ಚೀಲಕ್ಕೆ ಹಾಕಿ ಕ್ಯಾರಿಯರ್‌ಗೆ ಬಿಗಿದಿದ್ದಾನೆ. ಈ ಕಾಗದವನ್ನು ಅದೇ ಚೀಲದಲ್ಲಿ ಇಡುತ್ತೇನೆ. ಎಡಗಡೆ ಪೆಡಲ್ಲು ಉಲ್ಟಾ ತಿರುಗಿಸಬೇಕು, ನೆನಪಿದೆ ತಾನೇ? ಬಲವಂತ ಮಾಡಿದರೆ ಥ್ರೆಡ್ ಹೋಗುತ್ತೆ.

ಫೋನಲ್ಲಿ ಹೇಳೋಣ ಅಂದ್ರೆ ಆಗುತ್ತಿಲ್ಲ. ನಿಮ್ಮಮ್ಮ ಪಕ್ಕದಲ್ಲೇ ಇರುತ್ತಾಳೆ. ನಾನು "ಊಟ ಆಯ್ತಾ" ಅಂತೀನಿ, ನೀನು "ಆಯ್ತು" ಅಂತೀಯ, ಫೋನು ಅವಳ ಕೈಗೆ ಹೋಗುತ್ತೆ. ನೀನು ರಾಯಚೂರಿಗೆ ಹೋದಾಗಿನಿಂದ ಇಷ್ಟೇ ನಮ್ಮಿಬ್ಬರ ಮಾತು. ಭಾನುವಾರ ರಾತ್ರಿ ಏನಾಯಿತು ಅಂತ ಮತ್ತೆ ಬರೆಯೋದಿಲ್ಲ. ತಟ್ಟೆ ಬಿಟ್ಟು ಎದ್ದದ್ದು ನನ್ನ ತಪ್ಪು. ಮಾರನೇ ದಿನ ಲೇಬರ್ ಇನ್‌ಸ್ಪೆಕ್ಟರ್ ಕೆಲಸಕ್ಕೆ ಹೊರಡುವ ಮಗಳ ಮುಂದೆ ಹಾಗೆ ಮಾಡಬಾರದಿತ್ತು.

ನೀನು ಕೇಳಿದ್ದು ಒಂದೇ ಪ್ರಶ್ನೆ. ಪಂಪಣ್ಣ ನಮ್ಮ ಸೈಕಲ್ ಅಂಗಡಿಗೆ ಕೆಲಸಕ್ಕೆ ಬಂದಾಗ ಅವನಿಗೆ ಎಷ್ಟು ವಯಸ್ಸು? ನಾನು "ಅನ್ನ ಹಾಕಿದ್ದು ತಪ್ಪಾ" ಅಂತ ಕೂಗಿದೆನೇ ಹೊರತು ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಹನ್ನೊಂದು. 1999ರ ಮಳೆಗಾಲ. ನಿನಗೆ ಆಗ ಮೂರು ವರ್ಷ.

ಅವರಮ್ಮ ಕರಕೊಂಡು ಬಂದಿದ್ದರು. ಕೊಬ್ಬರಿ ಮಂಡಿಯಲ್ಲಿ ಕೂಲಿಗೆ ಹೋಗುತ್ತಿದ್ದ ಹೆಂಗಸು, ಗಂಡ ಇರಲಿಲ್ಲ. "ಸಂಬಳ ಏನೂ ಬ್ಯಾಡ ಅಣ್ಣ, ಮಧ್ಯಾಹ್ನ ಒಂದೊತ್ತು ಊಟ ಹಾಕಿ ಸಾಕು" ಅಂದರು. ನಾನು ದೊಡ್ಡ ಮನುಷ್ಯನ ಹಾಗೆ "ಊಟದ ಜೊತೆ ವಾರಕ್ಕೆ 30 ರೂಪಾಯಿನೂ ಕೊಡ್ತೀನಿ" ಅಂದೆ. ಆ 30 ರೂಪಾಯಿಯ ಹೆಮ್ಮೆ ಇಪ್ಪತ್ತೈದು ವರ್ಷ ನನ್ನ ಜೊತೆ ಇತ್ತು ನೋಡು. ನೀನು ಕೇಳುವವರೆಗೂ ಇತ್ತು.

ಮೊದಲ ಒಂದು ವರ್ಷ ಅವನಿಗೆ ಗಾಳಿ ಹೊಡೆಯೋದೇ ಕೆಲಸ. ಪಂಪು ಅವನ ಎದೆಮಟ್ಟ ಬರುತ್ತಿತ್ತು. ಒತ್ತುವಾಗ ಕಾಲು ನೆಲ ಬಿಟ್ಟು ಮೇಲೇಳುತ್ತಿತ್ತು. ನೀನು ಅದನ್ನ ನೋಡಿ ಕೇಕೆ ಹಾಕಿ ನಗುತ್ತಿದ್ದೆ. ಪಂಪಣ್ಣ ಅಂತ ಹೆಸರಿಟ್ಟವಳೂ ನೀನೇ. ಈಗ ಊರಿಗೆಲ್ಲ ಅವನು ಪಂಪಣ್ಣನೇ, ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ಕೆಲಸ ಕಲಿಸಿದ್ದು ನಾನಲ್ಲ, ಅಂಗಡಿಯಲ್ಲಿ ರಿಪೇರಿ ಮಾಡುತ್ತಿದ್ದ ಚಾಚಾ. ನಾನು ಗಲ್ಲಾಪೆಟ್ಟಿಗೆ ಮುಂದೆ ಕೂತವನು. ಬಾಡಿಗೆ ಸೈಕಲ್ಲಿನ ಲೆಕ್ಕ, ಗಂಟೆಗೆ 2 ರೂಪಾಯಿ, ಯಾರು ಎಷ್ಟು ಹೊತ್ತಿಗೆ ಒಯ್ದರು ಅಂತ ಬರೆಯೋದು ಅಷ್ಟೇ ನನ್ನ ವಿದ್ಯೆ. ಅಂಗಡಿ ನಡೆದದ್ದು ಚಾಚಾನ ಕಿವಿಯಿಂದ. ಹೌದು, ಕಿವಿಯಿಂದ. ಹಿಂದಿನ ಚಕ್ರಕ್ಕೆ 40 ಕಡ್ಡಿ, ಮುಂದಿನದಕ್ಕೆ 32. ರಿಮ್ಮಿನ ಬೆಂಡ್ ತೆಗೆಯುವಾಗ ಒಂದೊಂದು ಕಡ್ಡಿಯನ್ನೂ ಬೆರಳಲ್ಲಿ ಮೀಟುತ್ತಿದ್ದರು. ಬಿಗಿ ಇದ್ದರೆ ಟಿಣ್ ಅನ್ನುತ್ತೆ, ಸಡಿಲ ಇದ್ದರೆ ಡಬ್ ಅನ್ನುತ್ತೆ. "ಕಣ್ಣು ಸುಳ್ಳು ಹೇಳ್ತದೆ, ಕಡ್ಡಿ ಹೇಳಲ್ಲ" ಅಂತ ಹುಡುಗನ ತಲೆಗೆ ಸ್ಪ್ಯಾನರಿನಲ್ಲೇ ಮೆಲ್ಲಗೆ ತಟ್ಟುತ್ತಿದ್ದರು. ಅವರೂ ಒಂಬತ್ತು ವರ್ಷಕ್ಕೇ ಯಾರದೋ ಅಂಗಡಿ ಸೇರಿದವರು. ಹಾಗಾಗಿ ಅವರಿಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ದೆಹಲಿ ಹತ್ತಿರದ ಅಟ್ಲಾಸ್ ಸೈಕಲ್ ಕಾರ್ಖಾನೆ 2020ರಲ್ಲಿ ಬಾಗಿಲು ಹಾಕಿತಲ್ಲ, ಅದೂ ಜೂನ್ 3ಕ್ಕೆ, ವಿಶ್ವ ಸೈಕಲ್ ದಿನದ ದಿನವೇ. ಆ ಸುದ್ದಿ ಓದಿ ಹೇಳಿದಾಗ ಚಾಚಾ ಅವತ್ತು ಟೀ ಕುಡಿಯಲಿಲ್ಲ. ಇದನ್ನ ಯಾಕೆ ಬರೆದೆನೋ, ಇರಲಿ.

ನಾನು ಹೇಳಬೇಕಾದದ್ದು ಬೇರೆ ಇದೆ.

ನಿನ್ನನ್ನ ಒಂದನೇ ಕ್ಲಾಸಿಗೆ ಸೇರಿಸಿದ ವರ್ಷ, 2002. ದಿನಾ ನಿನ್ನನ್ನ ಶಾಲೆಗೆ ಬಿಟ್ಟು ಬರೋದು ಪಂಪಣ್ಣನ ಕೆಲಸ. ನೀನು ಕ್ಯಾರಿಯರ್ ಮೇಲೆ, ನಿನ್ನ ಬ್ಯಾಗು ಅವನ ಬೆನ್ನಲ್ಲಿ. ಅದು ನಿನಗೂ ನೆನಪಿದೆ, ನೀನೇ ಹೇಳುತ್ತಿರುತ್ತೀಯ. ನಿನಗೆ ಗೊತ್ತಿಲ್ಲದ್ದು ಒಂದು ಬೆಳಿಗ್ಗೆಯದು. ಮೊದಲನೇ ವಾರ ಇರಬೇಕು. ನಿನ್ನನ್ನ ಬಿಟ್ಟು ವಾಪಸ್ ಬಂದ. ಸೈಕಲ್ ಸ್ಟ್ಯಾಂಡ್ ಹಾಕುತ್ತಾ ನಗುತ್ತಿದ್ದ. "ಅಣ್ಣ, ಇವತ್ತು ಗೇಟಲ್ಲಿ ಮೇಡಮ್ಮು ಕೇಳಿದ್ರು, ಬ್ಯಾಗ್ ಹಾಕ್ಕೊಂಡು ಹೊರಗ್ಯಾಕೋ ನಿಂತಿದ್ದೀಯ, ಒಳಗೆ ಬಾ ಅಂದ್ರು. ನಾನೂ ಸ್ಕೂಲ್ ಹುಡುಗ ಅಂದ್ಕೊಂಡ್ರಂತೆ."

ನಾನು ಏನಂದೆ ಗೊತ್ತಾ? "ಆ ಹಾಲಿನವನ ಟ್ಯೂಬು ನೋಡು ಹೋಗು."

ಅಷ್ಟೇ ಅಂದೆ. ಅವನು ಹೋಗಿ ಕೂತ. ಟ್ಯೂಬಿಗೆ ಗಾಳಿ ತುಂಬಿ ಬೋಗುಣಿ ನೀರಲ್ಲಿ ಅದ್ದಿ ತಿರುಗಿಸುತ್ತಾ ಹೋದ. ಗುಳ್ಳೆ ಬಂದ ಕಡೆ ಹೆಬ್ಬೆರಳು ಇಟ್ಟು, ಒರೆಸಿ, ಉಜ್ಜು ಪೇಪರಿನಲ್ಲಿ ಉಜ್ಜಿ, ಸೊಲ್ಯೂಷನ್ ಹಚ್ಚಿ, ಬಾಯಲ್ಲಿ ಊದಿ ಒಣಗಿಸಿದ. ಟೈರಿನ ಒಳಗೆ ಕೈಯಾಡಿಸಿ ಜಾಲಿ ಮುಳ್ಳು ತೆಗೆದು ನನ್ನ ಮೇಜಿನ ಮೇಲೆ ಇಟ್ಟ. ಸಿಕ್ಕ ಮುಳ್ಳನ್ನ ಗಿರಾಕಿಗೆ ತೋರಿಸಬೇಕು ಅಂತ ಚಾಚಾ ಹೇಳಿಕೊಟ್ಟಿದ್ದರು, ಅದಕ್ಕೆ. ಪಂಕ್ಚರ್‌ಗೆ 5 ರೂಪಾಯಿ. ನಾನು ಗಲ್ಲಾಪೆಟ್ಟಿಗೆಗೆ ಹಾಕಿಕೊಂಡೆ.

ಈ ನಾಲ್ಕು ದಿನ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ. ಮಲಗಿದರೆ ಆ ಮುಳ್ಳೇ ಕಣ್ಣ ಮುಂದೆ. ಆ ಶಾಲೆಗೂ ನಮ್ಮ ಅಂಗಡಿಗೂ ಹತ್ತು ನಿಮಿಷದ ದಾರಿ. ನಾನೇ ಒಮ್ಮೆ ಹೋಗಿ ಆ ಮೇಡಮ್ಮನ್ನ ಕೇಳಬಹುದಿತ್ತು. ಹದಿನಾಲ್ಕು ಆಗಿತ್ತು ಅವನಿಗೆ, ಆದರೂ ಏನಾದರೂ ದಾರಿ ಇತ್ತೇನೋ. ಶಾಲೆ ಬಿಟ್ಟ ಮಕ್ಕಳಿಗೆ ಚಿಣ್ಣರ ಅಂಗಳ ಅಂತ ನಡೆಸುತ್ತಿದ್ದರಲ್ಲ. ಸಾಯಂಕಾಲ ಅಂಗಡಿಗೆ ಬರಲಿ, ಬೆಳಿಗ್ಗೆ ಓದಲಿ ಅನ್ನಬಹುದಿತ್ತು. ಅವನು ನಗುತ್ತಾ ಹೇಳಿದ ಅಂತ ನಾನೂ ಅದನ್ನ ತಮಾಷೆ ಅಂದುಕೊಂಡೆನಾ? ಇಲ್ಲ ಪುಟ್ಟಿ. ತಮಾಷೆ ಅಲ್ಲ ಅಂತ ಗೊತ್ತಾಯಿತು. ಗೊತ್ತಾದ್ದಕ್ಕೇ ಟ್ಯೂಬು ತೋರಿಸಿದೆ.

ಇನ್ನೊಂದೂ ಇದೆ, ಹೇಳಿಬಿಡುತ್ತೇನೆ. ಒಂದು ಸಲ ಅಂಗಡಿಗಳನ್ನ ನೋಡಲು ಯಾರೋ ಬರುತ್ತಿದ್ದಾರೆ ಅಂತ ಪಕ್ಕದ ಅಂಗಡಿಯವರು ಕೂಗಿ ಹೇಳಿದರು. ನಾನು ನಿನ್ನನ್ನ ಅವನ ಕಂಕುಳಿಗೆ ಹಾಕಿ "ಪಾಪುನ ಮನೆಗೆ ಕರಕೊಂಡು ಹೋಗಿ ಆಟ ಆಡಿಸು" ಅಂತ ಹಿಂಬಾಗಿಲಿಂದ ಕಳಿಸಿದೆ. ಬಂದವರು ಕೇಳಿದರೆ ಹೇಳೋಣ ಅಂತ ಮಾತೂ ರೆಡಿ ಇತ್ತು. "ನಮ್ಮಣ್ಣನ ಮಗ ಸಾರ್, ರಜಕ್ಕೆ ಬಂದಿದ್ದಾನೆ."

ಇದೇ ಮಾತನ್ನ ನಿನಗೂ ಹೇಳುತ್ತಾರೆ. ಬರೆದಿಟ್ಟುಕೋ. ಗ್ಯಾರೇಜಿನವನು ಹೇಳುತ್ತಾನೆ, ಹೋಟೆಲಿನವನು ಹೇಳುತ್ತಾನೆ, ನಿಮ್ಮ ರಾಯಚೂರು ಕಡೆ ಹತ್ತಿ ಹೊಲದವನೂ ಹೇಳುತ್ತಾನೆ. ನಿನ್ನ ಕೆಪಿಎಸ್‌ಸಿ ಪುಸ್ತಕ ಇಲ್ಲೇ ಬಿಟ್ಟು ಹೋಗಿದ್ದೀಯಲ್ಲ, ನೀನು ಗೆರೆ ಎಳೆದದ್ದನ್ನೆಲ್ಲ ಓದಿದೆ. 1986ರ ಬಾಲಕಾರ್ಮಿಕ ಕಾಯಿದೆಯಲ್ಲಿ ಕೆಲವು ಕೆಲಸಕ್ಕೆ ಮಾತ್ರ ನಿಷೇಧ, 2006ರಲ್ಲಿ ಹೋಟೆಲು, ಡಾಬಾ, ಮನೆಗೆಲಸ ಸೇರಿತು, 2016ರಲ್ಲಿ ಹದಿನಾಲ್ಕರ ಒಳಗಿನವರಿಗೆ ಎಲ್ಲ ಕೆಲಸಕ್ಕೂ. ಮನೆಯವರ ಕಸುಬಲ್ಲಿ ಶಾಲೆ ಮುಗಿದ ಮೇಲೆ, ರಜೆಯಲ್ಲಿ ಕೈ ಜೋಡಿಸಬಹುದು ಅಂತ ಒಂದು ಸಂದಿ ಬಿಟ್ಟಿದ್ದಾರೆ. ಅಣ್ಣನ ಮಕ್ಕಳೆಲ್ಲ ಆ ಸಂದಿಯಲ್ಲೇ ನುಸುಳೋದು. ನಾನೂ ಮೊದಲು ನಮ್ಮ ಅಂಗಡಿ ಆ ಪಟ್ಟಿಯಲ್ಲಿ ಇತ್ತಾ ಅಂತಲೇ ಹುಡುಕಿದೆ. ಆಮೇಲೆ ನಾಚಿಕೆಯಾಗಿ ಪುಸ್ತಕ ಮುಚ್ಚಿದೆ.

ಯಜಮಾನನ ಮಾತು ಕೇಳಬೇಡ, ಹುಡುಗನ ಕೈ ನೋಡು. ರಜಕ್ಕೆ ಬಂದವನ ಉಗುರಿನಲ್ಲಿ ಗ್ರೀಸು ಅಷ್ಟು ಒಳಗೆ ಇಳಿದಿರೋದಿಲ್ಲ. ಎಷ್ಟನೇ ಕ್ಲಾಸು ಅಂತ ಕೇಳಬೇಡ, ಅದನ್ನ ಹೇಳಿಕೊಟ್ಟಿರುತ್ತಾರೆ. ಮೇಷ್ಟ್ರ ಹೆಸರು ಕೇಳು. ಅಂಗಡಿಯಲ್ಲಿ ಟೀ ಕೊಟ್ಟರೆ ಕುಡಿಯಬೇಡ, ನೀರೂ ನಿನ್ನ ಬಾಟಲಿದೇ ಕುಡಿ. ಒಬ್ಬಳೇ ಹೋಗಬೇಡ. ಕೇಸು ಹಾಕಿ ಬಂದು ಕೈ ತೊಳೆದುಕೊಳ್ಳಬೇಡ, ಆ ಹುಡುಗ ಶಾಲೆಗೆ ಹೋದನಾ ಅಂತ ಒಂದು ತಿಂಗಳು ಬಿಟ್ಟು ನೋಡು. ಅವನ ಮನೆಯಲ್ಲಿ ಒಲೆ ಹತ್ತುತ್ತಿದೆಯಾ ಅಂತಲೂ ನೋಡು. ಬಿಸಿಯೂಟ ನಮ್ಮ ಕಡೆ ಬಂದದ್ದು 2003ರಲ್ಲಿ. ನಾಲ್ಕು ವರ್ಷ ಮೊದಲೇ ಬಂದಿದ್ದರೆ ಅವರಮ್ಮ ಒಂದೊತ್ತಿನ ಊಟಕ್ಕೆ ಅಂತ ನನ್ನ ಅಂಗಡಿ ಮೆಟ್ಟಿಲು ಹತ್ತುತ್ತಿರಲಿಲ್ಲವೇನೋ. ನೋಡಿದೆಯಾ, ಇಲ್ಲೂ ನನ್ನ ತಪ್ಪನ್ನ ಅರ್ಧ ಸರ್ಕಾರದ ತಲೆಗೆ ಕಟ್ಟುತ್ತಿದ್ದೇನೆ.

ನಿನಗೆ ಕೆಲಸ ಹೇಳಿಕೊಡೋಕೆ ನಾನು ಯಾರು ಅಂತ ನೀನು ನಗಬಹುದು. ಕಳ್ಳನಿಗೇ ಕಳ್ಳದಾರಿ ಗೊತ್ತಿರೋದು ಅಂತ ಓದಿಕೋ.

ನಿನ್ನ ಆರ್ಡರ್ ಬಂದ ದಿನ ಪಂಪಣ್ಣ ಅಂಗಡಿಗೆ ಬಂದವರಿಗೆಲ್ಲ ದುಡ್ಡಿಲ್ಲದೆ ಗಾಳಿ ಹೊಡೆದ, ಗೊತ್ತಾ? ನಾನು ಬೈದೆ. ಒಳಗೆ ನನಗೂ ಕುಣಿಯುವಷ್ಟು ಖುಷಿ. ಸೈಕಲ್ ಶಾಪಿನವನ ಮಗಳು ಲೇಬರ್ ಇನ್‌ಸ್ಪೆಕ್ಟರ್ ಅಂತ ಮಂಡಿಯವರೆಲ್ಲ ಕೈ ಕುಲುಕಿದರು. ಇನ್‌ಸ್ಪೆಕ್ಟರ್ ಯಾರ ಮೇಲೆ ಅಂತ ಆಗ ನಾನು ಯೋಚನೆಯೇ ಮಾಡಿರಲಿಲ್ಲ.

ಅವನಿಗೆ ಸ್ವಲ್ಪ ಓದೋಕೆ ಬರೋದು ನಿನ್ನಿಂದ. ನೀನು ಮೂರನೇ ಕ್ಲಾಸಲ್ಲಿ ಮೆಟ್ಟಿಲ ಮೇಲೆ ಕೂತು ಟೀಚರ್ ಆಟ ಆಡುತ್ತಿದ್ದೆ, ಅವನು ನಿನ್ನ ಒಬ್ಬನೇ ಸ್ಟೂಡೆಂಟು. ಹೆಸರು ಬರೆಯುತ್ತಾನೆ, ಬಸ್ಸಿನ ಬೋರ್ಡು ಓದುತ್ತಾನೆ, ಅಷ್ಟೇ. ಟೈರಿನ ಮೇಲಿನ 28, ಒಂದೂವರೆ ಅಂತ ಇರೋದನ್ನ ಇವತ್ತಿಗೂ ಓದೋದಿಲ್ಲ, ಕೈಯಲ್ಲಿ ಮುಟ್ಟಿ ಹೇಳುತ್ತಾನೆ. ಕಳೆದ ತಿಂಗಳು ಅವನ ಮಗಳು ಯಾವುದೋ ಅರ್ಜಿ ತಂದಿದ್ದಳು. ನನ್ನ ಹತ್ತಿರ ಕಳಿಸಿದ. "ದೊಡ್ಡಪ್ಪ ಬರೆದು ಕೊಡ್ತಾರೆ ಹೋಗು" ಅಂದ. ಬರೆದು ಕೊಟ್ಟೆ. ತಂದೆಯ ವಿದ್ಯಾಭ್ಯಾಸ ಅಂತ ಒಂದು ಕಡೆ ಇತ್ತು. ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಒಂದು ಗೆರೆ ಎಳೆದೆ.

ಅವನಿಗೆ ಬಾಕಿ ಏನೂ ಇಟ್ಟಿಲ್ಲ ಪುಟ್ಟಿ, ಚಾಚಾ ಹೋದ ಮೇಲೆ ಬಂದ ದುಡ್ಡಲ್ಲಿ ಅರ್ಧ ಅವನದೇ. ಅವನ ಮದುವೆ ಮುಂದೆ ನಿಂತು ಮಾಡಿದ್ದೂ ನಾನೇ. ಇದನ್ನೆಲ್ಲ ನೀನು ಲೆಕ್ಕಕ್ಕೆ ತಗೋಬೇಕು ಅಂತ ನನ್ನ ಆಸೆ. ತಗೋಬೇಡ ಅಂತಲೂ ಅನಿಸುತ್ತೆ.

ನಿಮ್ಮಮ್ಮ ಚಟ್ನಿಪುಡಿ ಕಟ್ಟಿದ್ದಾಳೆ, ಸೀಟಿನ ಕೆಳಗೆ ಕಟ್ಟಿರೋ ಡಬ್ಬದಲ್ಲಿದೆ. ಅಲ್ಲಿ ಬಿಸಿಲು ಜಾಸ್ತಿ, ಸೈಕಲ್ಲನ್ನ ಬಿಸಿಲಲ್ಲಿ ನಿಲ್ಲಿಸಬೇಡ, ಟೈರು ಬಿರಿಯುತ್ತೆ. ನೀನೂ ನಿಲ್ಲಬೇಡ.

ಈಗ ರಾತ್ರಿ ಒಂಬತ್ತೂವರೆ. ಅಂಗಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಪಂಪಣ್ಣ ಶಟರ್ ಎಳೆಯೋಕೆ ಕಾಯುತ್ತಾ ನಿಂತಿದ್ದಾನೆ. "ಏನಣ್ಣ ಇಷ್ಟೊತ್ತು ಬರೀತಿದ್ದೀರ" ಅಂದ. ಲೆಕ್ಕ ಅಂದೆ. ಆಮೇಲೆ, ಇವತ್ತು ಕೇಳಿಯೇಬಿಡೋಣ, ಆ ಮೇಡಮ್ಮು ಹಾಗಂದದ್ದು ನಿನಗೆ ನೆನಪಿದೆಯೇನೋ ಅಂತ ಕೇಳೋಣ ಅಂತ ಕನ್ನಡಕ ತೆಗೆದು ಅವನ ಕಡೆ ತಿರುಗಿದೆ. ಅವನೂ ಏನು ಅಂತ ಹತ್ತಿರ ಬಂದ.

"ಪಂಪಿನ ವಾಷರ್ ಸವೆದಿದೆ ಕಣೋ, ನಾಳೆ ಬದಲಾಯಿಸು" ಅಂದೆ.

"ಹೋದ ವಾರವೇ ಹಾಕಿದ್ದೀನಲ್ಲ ಅಣ್ಣ, ಹೊಸದು" ಅಂದ.

ಇಂತಿ,
ನಿನ್ನ ಅಪ್ಪ