ಸಿಗ್ನಲ್ ಸ್ಪ್ಲಿಟರ್ ದಂಡದ ಖರ್ಚಲ್ಲ

ಮಾನ್ಯ ಸಂಪಾದಕರೇ,

ಸಕ್ಕರೆ ಕಾರ್ಖಾನೆಗಳ ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟ ತಿಳಿಸುವ 4-20 ಮಿಲಿಆಂಪಿಯರ್ ಸಿಗ್ನಲ್ಲನ್ನು (4 ಎಂದರೆ ಅತಿ ಕಡಿಮೆ ಮಟ್ಟ, 20 ಎಂದರೆ ಅತಿ ಹೆಚ್ಚು) ಪಿಎಲ್‌ಸಿ (ವಾಲ್ವ್ ಮುಂತಾದವನ್ನು ನಿಯಂತ್ರಿಸುವ ಕಂಪ್ಯೂಟರ್) ಹಾಗೂ ರೆಕಾರ್ಡರ್ ಎರಡಕ್ಕೂ ಒಂದೇ ಸರಣಿಯಲ್ಲಿ ಜೋಡಿಸುವ ರೂಢಿ ಕೆಲವೆಡೆ ಇನ್ನೂ ಉಳಿದಿದೆ. ರಿಪೇರಿಗೆಂದು ರೆಕಾರ್ಡರಿನ ವೈರ್ ಬಿಚ್ಚಿದೊಡನೆ ಲೂಪ್ (ಸಿಗ್ನಲ್ ಹರಿಯುವ ವಿದ್ಯುತ್ ಮಂಡಲ) ಕಡಿದು ಕರೆಂಟ್ ಸೊನ್ನೆಗಿಳಿಯುತ್ತದೆ. ವೈರ್ ಕಡಿತವನ್ನು ಗುರುತಿಸುವ ಏರ್ಪಾಡು ಇಲ್ಲದಿದ್ದರೆ, ಡ್ರಮ್ ಬರಿದಾಗಿದೆಯೆಂದು ಬಗೆದ ಪಿಎಲ್‌ಸಿ ಫೀಡ್ ವಾಲ್ವನ್ನು ಪೂರ್ತಿ ತೆರೆದುಬಿಡುತ್ತದೆ, ನೀರು ಹಬೆಯೊಡನೆ ಟರ್ಬೈನಿನತ್ತ ಸಾಗುವ ಅಪಾಯ ಎದುರಾಗುತ್ತದೆ.

ಒಂದೇ ಸಿಗ್ನಲ್ಲನ್ನು ಎರಡು ಔಟ್‌ಪುಟ್‌ಗಳಾಗಿ ಕೊಡುವ, ಆ ಔಟ್‌ಪುಟ್‌ಗಳ ನಡುವೆಯೂ ಐಸೊಲೇಷನ್ (ನೇರ ವಿದ್ಯುತ್ ಸಂಪರ್ಕವಿಲ್ಲದ ಏರ್ಪಾಡು) ಇರುವ ಸ್ಪ್ಲಿಟರ್ ಅಳವಡಿಸಿದಲ್ಲಿ ಒಂದನ್ನು ಬಿಚ್ಚಿದರೂ ಇನ್ನೊಂದು ಅಲುಗುವುದಿಲ್ಲ. ಎರಡು ಕಡೆ ಅರ್ತಿಂಗ್ ಆದ ಲೂಪಿನಲ್ಲಿ ನುಸುಳುವ ಕರೆಂಟಿನಿಂದ ರೀಡಿಂಗ್ ಏರುಪೇರಾಗುವುದೂ ತಪ್ಪುತ್ತದೆ. (ಈ ದೋಷಕ್ಕೆ ಮಟ್ಟ ಅಳೆದು ಸಿಗ್ನಲ್ ಕಳಿಸುವ, ಸುಸ್ಥಿತಿಯ ಟ್ರಾನ್ಸ್‌ಮಿಟರನ್ನೇ ಬದಲಿಸುವವರಿದ್ದಾರೆ!) ಇಷ್ಟಾದರೂ ಖರೀದಿ ಪಟ್ಟಿಯಿಂದ ಮೊದಲು ಹೊಡೆದುಹಾಕುವುದು ಸ್ಪ್ಲಿಟರನ್ನೇ. ಕಬ್ಬು ಅರೆಯುವ ಹಂಗಾಮಿಗೆ ಮುನ್ನ, ಕನಿಷ್ಠ ಡ್ರಮ್ ಲೆವೆಲ್ ಲೂಪಿಗಾದರೂ ಆಡಳಿತ ಮಂಡಳಿಗಳು ಇದನ್ನು ಮಂಜೂರು ಮಾಡಬೇಕು.

– ಒಬ್ಬ ಇನ್‌ಸ್ಟ್ರುಮೆಂಟ್ ತಂತ್ರಜ್ಞ, ಮಂಡ್ಯ